ಆಫ್ಟರ್‌ಶೇವ್ ತಲೆಗೆ ಹಚ್ಚುವವರು ಇದ್ದೀರಾ? ಕೂದಲಿಗೆ ಒಳ್ಳೆಯದಾ, ಕೆಟ್ಟದ್ದಾ?

ಕೋಡಿಬಾಗ ಕಿನಾರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರ, ಕೋಡಿಬಾಗ. ಮನೆಯಲ್ಲಿ ಒಂದು ವಿಷಯಕ್ಕೆ ದಿನಾ ಮಾತು ನಡೆಯುತ್ತಿದೆ. ತಿಳಿದವರು ಸರಿಯಾಗಿ ಹೇಳಿದರೆ ಉಪಕಾರ.

ಅಪ್ಪ ಬೈತಖೋಲ ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗಡ್ಡ ಮಾಡಿದ ಮೇಲೆ ಕೆನ್ನೆಗೆ ಆಫ್ಟರ್‌ಶೇವ್ ಹಚ್ಚಿ, ಅಂಗೈಯಲ್ಲಿ ಉಳಿದದ್ದನ್ನು ತಲೆಗೆ ಸವರಿಕೊಳ್ಳುವುದು ಅವರ ಹಳೇ ರೂಢಿ. ಮಳೆಗಾಲ ಬಂತೆಂದರೆ ಉಳಿದದ್ದು ಸಾಲುವುದಿಲ್ಲ. ಬೇರೆಯಾಗಿಯೇ ಸುರಿದುಕೊಂಡು ಬೆರಳ ತುದಿಯಿಂದ ನೆತ್ತಿಗೆಲ್ಲ ಉಜ್ಜುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕೂದಲು ಸರಿಯಾಗಿ ಒಣಗುವುದೇ ಇಲ್ಲ, ದಿಂಬಿಗೆಲ್ಲ ಮುಗ್ಗಲು ವಾಸನೆ. ಇದನ್ನು ಹಚ್ಚಿದರೆ ತಲೆ ಬೇಗ ಒಣಗುತ್ತದೆ, ಹಗುರ ಅನಿಸುತ್ತದೆ, ವಾಸನೆ ಹೋಗುತ್ತದೆ ಅಂತಾರೆ. ಅವರ ಕೂದಲು ಈಗಲೂ ದಟ್ಟವಾಗಿದೆ.

ನನ್ನ ಚಿಂತೆ ತಮ್ಮನದು. ಕಾಲೇಜಿಗೆ ಹೋಗುವ ಹುಡುಗ. ಹಣೆಯ ಎರಡೂ ಬದಿ ಕೂದಲು ಹಿಂದೆ ಸರಿಯುತ್ತಿದೆ, ಹೊಟ್ಟೂ ಇದೆ. ಅಪ್ಪನ ತಲೆ ನೋಡಿ ಅವನೂ ರಾತ್ರಿ ಮಲಗುವ ಮುಂಚೆ ಆಫ್ಟರ್‌ಶೇವ್ ತಿಕ್ಕಿಕೊಳ್ಳಲು ಶುರು ಮಾಡಿದ್ದಾನೆ. ಮೊದಲು ಚುರುಚುರು ಉರಿಯುತ್ತದೆ, ಆಮೇಲೆ ತಣ್ಣಗಾಗುತ್ತದೆ. ಆ ಉರಿ ಅಂದರೆ ಔಷಧ ಬೇರಿಗೆ ತಾಗಿದ ಗುರುತು ಅನ್ನುವುದು ಅವನ ನಂಬಿಕೆ. ಅಮ್ಮನಿಗೆ ಇದು ಒಂಚೂರೂ ಇಷ್ಟವಿಲ್ಲ. ಅಪ್ಪನಿಗೆ ಆದದ್ದು ಮಗನಿಗೆ ಆಗುವುದಿಲ್ಲವಾ? ಅಥವಾ ಇಬ್ಬರೂ ಬಿಡಬೇಕಾ?


ಮಾಜಾಳಿ ಮನೆ

ಬೇಡವೇ ಬೇಡ. ಅದರಲ್ಲಿರುವುದು ಸ್ಪಿರಿಟ್. ಕೂದಲು ಒರಟಾಗಿ ತುದಿ ಸೀಳುತ್ತದೆ. ಗಾಣದ ಕೊಬ್ಬರಿ ಎಣ್ಣೆ ಉಗುರು ಬೆಚ್ಚಗೆ ಮಾಡಿ ಹಚ್ಚಿ, ದಾಸವಾಳದ ಎಲೆಯ ಗೊಂಪು ಹಾಕಿ ತೊಳೆಯಲು ಹೇಳಿ. ಹಿಂದಿನವರು ಇಷ್ಟರಲ್ಲೇ ಮೊಣಕಾಲುದ್ದ ಜಡೆ ಬಿಟ್ಟಿದ್ದರು.


ಕುಮಟಾ ಸೆಲೂನ್

ಕುಮಟಾದಲ್ಲಿ ನಮ್ಮದು ಅಪ್ಪನ ಕಾಲದ ಸೆಲೂನ್. ಕೋಡಿಬಾಗದವರೇ, ಮೊದಲು ನಿಮ್ಮ ಅಪ್ಪನ ಪರವಾಗಿ ಒಂದು ಮಾತು. ಅವರು ಮಾಡುತ್ತಿರುವುದು ವಿಚಿತ್ರ ಏನಲ್ಲ. ಆಫ್ಟರ್‌ಶೇವ್ ಮತ್ತು ಹೇರ್ ಟಾನಿಕ್ ಮೊದಲಿನಿಂದಲೂ ಒಂದೇ ಕಪಾಟಿನಲ್ಲಿ ಕೂತವು.

ನೂರು ವರ್ಷದ ಹಿಂದಿನ ಹೇರ್ ಟಾನಿಕ್ ಬಾಟಲಿಯಲ್ಲಿ ಇದ್ದದ್ದಾದರೂ ಏನು? ಹೆಚ್ಚಿನವುಗಳಲ್ಲಿ ಆಲ್ಕೋಹಾಲ್, ನೀರು, ಸುಗಂಧ. ಕೆಲವಕ್ಕೆ ಕೂದಲು ಕೂರಲೆಂದು ಸ್ವಲ್ಪ ಎಣ್ಣೆ ಅಥವಾ ಗ್ಲಿಸರಿನ್. ಬೇ ರಮ್ ಅಂತ ಒಂದು ಇತ್ತು, ಈಗಲೂ ಸಿಗುತ್ತದೆ. ಕೆರಿಬಿಯನ್ ದ್ವೀಪಗಳಲ್ಲಿ, ಅದರಲ್ಲೂ ಸೇಂಟ್ ಥಾಮಸ್‌ನಲ್ಲಿ, ಒಂದು ಜಾತಿಯ ಮರದ ಎಲೆಯನ್ನು ರಮ್ ಜೊತೆ ಸೇರಿಸಿ ಬಟ್ಟಿ ಇಳಿಸುತ್ತಿದ್ದರು. 19ನೇ ಶತಮಾನದಲ್ಲಿ ಅದು ಅಮೆರಿಕದ ಕ್ಷೌರದಂಗಡಿಗಳಿಗೆಲ್ಲ ಹೋಯಿತು. ಅದೇ ಬಾಟಲಿಯಿಂದ ಗಡ್ಡ ತೆಗೆದ ಕೆನ್ನೆಗೂ ಹಾಕುತ್ತಿದ್ದರು, ತಲೆಗೂ ಹಾಕುತ್ತಿದ್ದರು. ಆ ಎಲೆಯ ವಾಸನೆ ಲವಂಗದ್ದೇ. ಎರಡರಲ್ಲೂ ಇರುವುದು ಯೂಜಿನಾಲ್ ಎನ್ನುವ ಒಂದೇ ಎಣ್ಣೆಯಂಶ. ಶಿರಸಿ, ಸಿದ್ದಾಪುರದ ತೋಟದಲ್ಲಿ ಲವಂಗದ ಎಲೆ ಮುರಿದು ಮೂಸಿದವರಿಗೆ ಬೇ ರಮ್ ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇವುಗಳಲ್ಲಿ ಆಲ್ಕೋಹಾಲ್ ಎಷ್ಟಿತ್ತೆಂದರೆ, ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗ ಬೇ ರಮ್ಮನ್ನೂ ಹೇರ್ ಟಾನಿಕ್ಕನ್ನೂ ಕುಡಿಯುವವರಿದ್ದರು. ಓಲ್ಡ್ ಸ್ಪೈಸ್ ಗಂಡಸರಿಗೆಂದು ಬಂದದ್ದು 1938ರಲ್ಲಿ. ಹಡಗಿನ ಚಿತ್ರದ ಆ ಬಿಳಿ ಬಾಟಲಿಯನ್ನು ಗಲ್ಫ್‌ನಿಂದ ರಜೆಗೆ ಬಂದವರು ನಮ್ಮ ಕರಾವಳಿಯ ಮನೆಮನೆಗೆ ತರುತ್ತಿದ್ದರು. ನಿಮ್ಮ ಅಪ್ಪನ ವಯಸ್ಸಿನವರಿಗೆ ಅದರ ಮೇಲೆ ಇರುವ ಪ್ರೀತಿ ನನಗೆ ಅರ್ಥ ಆಗುತ್ತದೆ.

ಆದರೆ ಟಾನಿಕ್ ಹಾಕಿದ್ದರಿಂದ ಬೋಳು ತಲೆಯಲ್ಲಿ ಕೂದಲು ಹುಟ್ಟಿದ್ದನ್ನು ನಮ್ಮಪ್ಪನೂ ಕಂಡಿಲ್ಲ, ನಾನೂ ಕಂಡಿಲ್ಲ. ತಲೆಗೆ ಹಾಕಿ ಚೆನ್ನಾಗಿ ಮಾಲೀಸು ಮಾಡಿದರೆ ಗಿರಾಕಿ ಹಾಗೇ ಕಣ್ಣು ಮುಚ್ಚುತ್ತಾನೆ. ಆ ಸುಖ ಬೆರಳಿನದು, ಬಾಟಲಿಯದಲ್ಲ. ನಮ್ಮ ಅಂಗಡಿಯಲ್ಲಿ ಆಫ್ಟರ್‌ಶೇವ್ ಬಳಸುವುದು ಮಶೀನ್ ಕಟಿಂಗ್ ಆದ ಮೇಲೆ ಕತ್ತಿನ ಹಿಂಭಾಗಕ್ಕೆ, ಕಿವಿಯ ಸುತ್ತ ಬ್ಲೇಡ್ ಆಡಿಸಿದ ಜಾಗಕ್ಕೆ. ಅದೂ ಎರಡು ಹನಿ, ಅಷ್ಟೇ. ಚರ್ಮ ಸೂಕ್ಷ್ಮ ಇದ್ದವರಿಗೆ ಒದ್ದೆ ಪಟಿಕದ ಕಲ್ಲು ಸವರಿ ಬಿಡುತ್ತೇನೆ. ನೆತ್ತಿಗೆ ಹಾಕುವುದಿಲ್ಲ.


ಹೊನ್ನಾವರ ಬಂದರು

ಸೆಲೂನ್ ಅಣ್ಣಾ, ಹಾಗಾದರೆ ಹಚ್ಚಿದಾಗ ತಲೆ ತಣ್ಣಗಾಗುವುದು ಸುಳ್ಳಾ? ನಾವು ಬೋಟಿನಿಂದ ಬಂದ ಮೇಲೆ ಉಪ್ಪು, ಬೆವರು ಎಲ್ಲ ಸೇರಿ ತಲೆ ಕಾದಿರುತ್ತದೆ. ಸ್ವಲ್ಪ ಹಾಕಿಕೊಂಡರೆ ಜೀವ ಬಂದ ಹಾಗಾಗುತ್ತದೆ. ಒಳಗೆ ಏನೋ ಕೆಲಸ ಆಗದೆ ಅಷ್ಟು ತಂಪು ಬರುತ್ತದಾ?


ಶಿರಸಿ ಔಷಧದಂಗಡಿ

ತಂಪು ನಿಜ. ಅದಕ್ಕೆ ಎರಡು ಕಾರಣ ಇವೆ, ಎರಡಕ್ಕೂ ಕೂದಲಿನ ಬೇರಿಗೂ ಸಂಬಂಧ ಇಲ್ಲ.

ಒಂದು, ಆಲ್ಕೋಹಾಲ್ ನೀರಿಗಿಂತ ಬೇಗ ಆರಿಹೋಗುತ್ತದೆ. ಆರುವಾಗ ಚರ್ಮದ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಇಂಜೆಕ್ಷನ್ ಕೊಡುವ ಮುಂಚೆ ತೋಳಿಗೆ ಹತ್ತಿ ಒರೆಸಿದಾಗ ತಣ್ಣಗಾಗುವುದೂ ಇದರಿಂದಲೇ. ಎರಡು, ಬಹಳ ಆಫ್ಟರ್‌ಶೇವ್‌ಗಳಲ್ಲಿ ಮೆಂಥಾಲ್ ಇರುತ್ತದೆ. ಚರ್ಮದ ನರಗಳಲ್ಲಿ ತಂಪನ್ನು ಗುರುತಿಸುವ ಒಂದು ಜಾಗ ಇದೆ. ಮೆಂಥಾಲ್ ಅಲ್ಲಿಗೆ ಹೋಗಿ ಕೂರುತ್ತದೆ. ಚರ್ಮ ತಣ್ಣಗಾಗದಿದ್ದರೂ ಮಿದುಳಿಗೆ ತಣ್ಣಗಾಯಿತು ಎಂಬ ಸುದ್ದಿ ಹೋಗುತ್ತದೆ. ಬೋಟಿನಿಂದ ಬಂದವರಿಗೆ ಅದು ಹಿತ ಅನಿಸಿದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಉಪ್ಪು ಮತ್ತು ಬೆವರು ಹೋಗುವುದು ಸಿಹಿನೀರಿನಲ್ಲಿ ತಲೆ ತೊಳೆದಾಗ ಮಾತ್ರ. ಮೇಲೆ ಸ್ಪಿರಿಟ್ ಹಾಕಿದರೆ ಅದು ಆರಿಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ.

ಇನ್ನು ಕೋಡಿಬಾಗದ ತಮ್ಮನ ಪ್ರಶ್ನೆ. ಇದು ನನ್ನ ಕೌಂಟರಿಗೆ ಬೇರೆ ರೀತಿಯಲ್ಲಿ ಬರುತ್ತಲೇ ಇರುತ್ತದೆ. ‘ಕೂದಲು ಬೆಳೆಯುವ ಲೋಷನ್‌ನಲ್ಲೂ ಸ್ಪಿರಿಟ್ ವಾಸನೆ ಬರುತ್ತದೆ, ಅದಕ್ಕೆ ಅಷ್ಟು ದುಡ್ಡು. ಆಫ್ಟರ್‌ಶೇವೇ ಯಾಕೆ ಆಗಬಾರದು?’ ಅಂತ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಲೋಷನ್‌ನ ಔಷಧದ ಹೆಸರು ಮಿನಾಕ್ಸಿಡಿಲ್. ಮೊದಲು ಅದು ಬಿಪಿಗೆ ಕೊಡುವ ಮಾತ್ರೆಯಾಗಿತ್ತು. ತೆಗೆದುಕೊಂಡವರ ಮೈಮೇಲೆ, ಮುಖದ ಮೇಲೆಲ್ಲ ಕೂದಲು ಬರತೊಡಗಿತು. ಅದನ್ನು ನೋಡಿಯೇ ತಲೆಗೆ ಹಚ್ಚುವ ರೂಪ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ 2 ಪರ್ಸೆಂಟ್ ಲೋಷನ್‌ಗೆ ಒಪ್ಪಿಗೆ ಸಿಕ್ಕಿತು. ಮಿನಾಕ್ಸಿಡಿಲ್ ಬರೀ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಅದಕ್ಕೇ ಆಲ್ಕೋಹಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಸೇರಿಸುತ್ತಾರೆ. ಅಲ್ಲಿ ಆಲ್ಕೋಹಾಲ್ ಬಸ್ಸು ಇದ್ದ ಹಾಗೆ, ಔಷಧ ಪ್ರಯಾಣಿಕ. ಖಾಲಿ ಬಸ್ಸು ದೇವಿಮನೆ ಘಟ್ಟ ಇಳಿದು ಕುಮಟಾ ಸ್ಟ್ಯಾಂಡಿಗೆ ಬಂದು ನಿಂತರೆ ಇಳಿಯುವವರು ಯಾರು? ಆಫ್ಟರ್‌ಶೇವ್‌ನಲ್ಲಿ ಬಸ್ಸು ಮಾತ್ರ ಇದೆ.

ನಿಮ್ಮ ಮನೆಯ ಬಾಟಲಿಯನ್ನೇ ತಿರುಗಿಸಿ ನೋಡಿ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆದಿರುತ್ತಾರೆ. ಮೊದಲ ಹೆಸರು ಹೆಚ್ಚಾಗಿ ಆಲ್ಕೋಹಾಲ್, ಆಮೇಲೆ ನೀರು, ಆಮೇಲೆ ಪರ್ಫ್ಯೂಮ್. ಕೊನೆಯಲ್ಲಿ ಮೆಂಥಾಲ್, ಬಣ್ಣ, ಗ್ಲಿಸರಿನ್ ಇತ್ಯಾದಿ. ಕೂದಲು ಬೆಳೆಸುವಂಥದ್ದು ಆ ಪಟ್ಟಿಯಲ್ಲಿ ಇರುವುದಿಲ್ಲ. ಆಲ್ಕೋಹಾಲನ್ನು ಕುಡಿಯಲು ಆಗದ ಹಾಗೆ ಬೇರೆ ಪದಾರ್ಥ ಬೆರೆಸಿ ಕೆಡಿಸಿಯೂ ಇರುತ್ತಾರೆ. ಹಾಗಾಗಿ ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ.

ಇನ್ನೊಂದು ಮಾತು. ಉರಿ ಎಂದರೆ ಗುಣ ಅಲ್ಲ. ನೆತ್ತಿಯ ಚರ್ಮದ ಮೇಲೆ ತೆಳ್ಳಗಿನ ಜಿಡ್ಡಿನ ಪದರ ಇರುತ್ತದೆ. ಸ್ಪಿರಿಟ್ ಅದನ್ನು ಕರಗಿಸಿ ಒಯ್ಯುತ್ತದೆ. ಕೆರೆದು ಗಾಯ ಆದಲ್ಲಿ ಇನ್ನೂ ಜಾಸ್ತಿ ಉರಿಯುತ್ತದೆ. ಹೊಟ್ಟು ಇರುವ ಹುಡುಗ ರಾತ್ರಿ ರಾತ್ರಿ ತಿಕ್ಕಿಕೊಂಡರೆ ತುರಿಕೆ ಏರುತ್ತದೆ, ಅದರಿಂದ ಇನ್ನೂ ಕೆರೆಯುತ್ತಾನೆ.


ಹೊನ್ನಾವರ ಬಂದರು

ಉಪ್ಪಿನ ಮಾತು ಒಪ್ಪಿದೆ ಅಣ್ಣಾ. ಮೊದಲು ಬಾವಿ ನೀರು, ಆಮೇಲೆ ಬಾಕಿ ಎಲ್ಲ.


ಮಾಜಾಳಿ ಮನೆ

ನಾನು ಹೇಳಿದ್ದೂ ಅದನ್ನೇ ಅಲ್ವಾ? ಎಣ್ಣೆ ಹಚ್ಚಿದರೆ ಹೊಟ್ಟೂ ಹೋಗುತ್ತದೆ, ಉರಿಯೂ ಇಲ್ಲ.


ಅಂಕೋಲಾ ಅಕ್ಕ

ಮಾಜಾಳಿಯವರೇ, ಎಣ್ಣೆಯ ವಿಷಯದಲ್ಲಿ ಅರ್ಧ ನಿಮ್ಮ ಜೊತೆ ಇದ್ದೇನೆ. ನಾನು ನರ್ಸ್. ಚರ್ಮದ ಒಪಿಡಿಯಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ.

ಕೊಬ್ಬರಿ ಎಣ್ಣೆ ಕೂದಲಿನ ಎಳೆಗೆ ಒಳ್ಳೆಯದು, ಇದು ಬರೀ ಅಜ್ಜಿ ಮಾತಲ್ಲ. ಅದರಲ್ಲಿರುವ ಲಾರಿಕ್ ಆಮ್ಲ ಎಳೆಯ ಒಳಗೇ ಇಳಿಯುತ್ತದೆ. ತೊಳೆಯುವಾಗ, ಬಾಚುವಾಗ ಕೂದಲಿನ ಪ್ರೋಟೀನ್ ಸವೆದು ಹೋಗುವುದು ಕಡಿಮೆ ಆಗುತ್ತದೆ. ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಆಯಿಲ್‌ಗೂ ಈ ಗುಣ ಇಲ್ಲ ಎಂದು 2003ರಲ್ಲಿ ಪ್ರಕಟವಾದ ಭಾರತದ್ದೇ ಒಂದು ಅಧ್ಯಯನ ತೋರಿಸಿದೆ. ತಲೆಗೆ ನೀರು ಹಾಕುವ ಮೊದಲು ಎಳೆಗಳಿಗೆ ಹಚ್ಚಿ, ಆಮೇಲೆ ತೊಳೆದರೆ ಬಹಳ ಚಂದ.

ಆದರೆ ಹೊಟ್ಟು ಬೇರೆ. ಎಲ್ಲರ ನೆತ್ತಿಯ ಮೇಲೂ ಮಲಸೇಜಿಯಾ ಎನ್ನುವ ಶಿಲೀಂಧ್ರ ಇರುತ್ತದೆ. ಜಿಡ್ಡೇ ಅದರ ಊಟ. ನಮ್ಮ ಕರಾವಳಿಯ ಸೆಖೆ, ತೇವ, ಹೆಲ್ಮೆಟ್ ಒಳಗಿನ ಬೆವರು ಎಲ್ಲ ಅದಕ್ಕೆ ಅನುಕೂಲ. ಹೊಟ್ಟು ಇರುವ ನೆತ್ತಿಗೆ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರೆ ಪದರಗಳು ಅಂಟಿಕೊಂಡು ಕಾಣದೇ ಹೋಗುತ್ತವೆ. ಹೋಯಿತು ಅಂದುಕೊಳ್ಳುತ್ತೇವೆ. ತೊಳೆದ ಮೇಲೆ ಮತ್ತೆ ಎದ್ದು ಬರುತ್ತದೆ.

ಆಫ್ಟರ್‌ಶೇವ್‌ನ ಕಥೆಯೂ ಇದೇ. ಆಲ್ಕೋಹಾಲ್‌ಗೆ ಮೇಲಿರುವ ಸ್ವಲ್ಪ ಶಿಲೀಂಧ್ರ ಸಾಯಬಹುದು. ಆದರೆ ಅದು ಕೂದಲಿನ ಬುಡದ ಕುಳಿಯೊಳಗೂ ಇರುತ್ತದೆ, ಸ್ಪಿರಿಟ್ ಅಷ್ಟು ಹೊತ್ತು ನಿಲ್ಲುವುದೂ ಇಲ್ಲ. ಮರುದಿನ ಒಣಗಿದ ಚರ್ಮವೂ ಪುಡಿಯಾಗಿ ಉದುರುತ್ತದೆ. ಈಗ ಎರಡು ಬಗೆಯ ಪುಡಿ. ಹೆಗಲ ಮೇಲೆ ಬಿದ್ದದ್ದನ್ನು ಬೆರಳಲ್ಲಿ ಒತ್ತಿ ನೋಡಿ. ಜಿಡ್ಡಾಗಿ, ಸ್ವಲ್ಪ ಹಳದಿಯಾಗಿ ಅಂಟಿದರೆ ಹೊಟ್ಟು. ಒಣ ಬಿಳಿ ಹುಡಿ ಆದರೆ ಚರ್ಮ ಒಣಗಿದ್ದು. ತಮ್ಮನ ತಲೆಯಲ್ಲಿ ಯಾವುದಿದೆ ನೋಡಿ ಹೇಳಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಸುಗಂಧದ ಬಗ್ಗೆ. ಇದನ್ನು ಯಾರೂ ಹೇಳುವುದಿಲ್ಲ. ಆಫ್ಟರ್‌ಶೇವ್‌ನ ಪರಿಮಳ ಒಂದೇ ವಸ್ತು ಅಲ್ಲ, ಹತ್ತಾರು ವಸ್ತುಗಳು ಸೇರಿದ್ದು. ಸೆಲೂನ್ ಅಣ್ಣ ಹೇಳಿದ ಯೂಜಿನಾಲ್ ಕೂಡ ಕೆಲವರಿಗೆ ಅಲರ್ಜಿ ಕೊಡುತ್ತದೆ. ವರ್ಷಗಟ್ಟಲೆ ಹಚ್ಚಿ ಏನೂ ಆಗದವರಿಗೂ ಒಂದು ದಿನ ಶುರುವಾಗಬಹುದು. ಶುರುವಾದ ಮೇಲೆ ಆ ಪರಿಮಳ ಇರುವ ಸೋಪು, ಪೌಡರ್ ಎಲ್ಲವೂ ತೊಂದರೆ ಮಾಡುತ್ತವೆ. ಅದು ಮೊದಲು ಕಾಣುವುದು ನೆತ್ತಿಯಲ್ಲಿ ಅಲ್ಲ. ಹಣೆ, ಕಿವಿಯ ಹಿಂಭಾಗ, ಕತ್ತು, ಕಣ್ಣಿನ ರೆಪ್ಪೆ ಇಲ್ಲೆಲ್ಲ ಕೆಂಪಾಗಿ ತುರಿಸುತ್ತದೆ. ಬೆವರಿನ ಜೊತೆ ಇಳಿದು ಬರುತ್ತದಲ್ಲ, ಅದಕ್ಕೆ. ಅದು ಮೊಡವೆ, ಸೆಖೆ ಗುಳ್ಳೆ ಎಂದುಕೊಂಡು ಜನ ಬೇರೆ ಬೇರೆ ಮುಲಾಮು ಹಚ್ಚುತ್ತಾರೆ.

ಬಿಸಿಲಿಗೂ ಇದಕ್ಕೂ ನಂಟಿದೆ. ಬರ್ಗಮಾಟ್ ಎಂಬ ಒಂದು ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯನ್ನು ಕೊಲೋನ್‌ಗಳಲ್ಲಿ ಬಳಸುತ್ತಾರೆ. ಶುದ್ಧೀಕರಿಸದೆ ಬಳಸಿದ ಆ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ, ಹನಿ ಇಳಿದ ದಾರಿಯಲ್ಲೇ ಕಂದು ಗೆರೆ ಮೂಡುತ್ತದೆ. ಮಸ್ಕ್ ಆಂಬ್ರೆಟ್ ಎನ್ನುವ ಇನ್ನೊಂದು ಪರಿಮಳ ವಸ್ತು ಆಫ್ಟರ್‌ಶೇವ್‌ಗಳಲ್ಲಿ ಇತ್ತು. ಅದರಿಂದ ಗಂಡಸರ ಮುಖಕ್ಕೆ ಬಿಸಿಲಿನ ಅಲರ್ಜಿ ಬರುವುದು ಗೊತ್ತಾದ ಮೇಲೆ ಸುಗಂಧ ತಯಾರಕರೇ ಅದನ್ನು ಬಿಟ್ಟರು. ಈಗಿನ ಒಳ್ಳೆಯ ಬ್ರಾಂಡ್‌ಗಳಲ್ಲಿ ಇವು ಇರಲಾರವು. ಆದರೆ ಸಂತೆಯಲ್ಲಿ, ಜಾತ್ರೆಯಲ್ಲಿ ಹೆಸರಿಲ್ಲದ ಬಾಟಲಿ ಕಡಿಮೆ ಬೆಲೆಗೆ ಸಿಗುತ್ತದಲ್ಲ, ಅದರೊಳಗೆ ಏನಿದೆ ಎಂದು ಯಾರಿಗೆ ಗೊತ್ತು? ನಮ್ಮ ಚರ್ಮ ಕಂದು. ಉರಿ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬೋಟಿನವರು, ಮೀನು ಒಣಗಿಸುವವರು, ಇಡೀ ದಿನ ಬಿಸಿಲಲ್ಲಿ ಇರುವವರು ಪರಿಮಳದ್ದು ಹಚ್ಚಿಕೊಂಡು ಹೊರಗೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ.


ಮಾಜಾಳಿ ಮನೆ

ಅಕ್ಕಾ, ನೆತ್ತಿಗೆ ಬೇಡ, ಎಳೆಗೆ ಸರಿ. ಹೀಗೆ ತಿಳಿದುಕೊಳ್ಳುತ್ತೇನೆ. ಗೊಂಪು ಹಾಕಬಹುದಲ್ವಾ?


ಅಂಕೋಲಾ ಅಕ್ಕ

ಧಾರಾಳವಾಗಿ. ಅದು ಹಿತವಾಗಿ ಜಿಡ್ಡು ತೆಗೆಯುತ್ತದೆ, ಸಿಕ್ಕು ಬಿಡಿಸುತ್ತದೆ. ಎಲೆಯ ಚೂರು ಉಳಿಯದ ಹಾಗೆ ಚೆನ್ನಾಗಿ ತೊಳೆಯಿರಿ, ಅಷ್ಟೇ. ಹೊಟ್ಟಿಗೆ ಔಷಧ ಎಂದು ಮಾತ್ರ ನಂಬಬೇಡಿ.


ಭಟ್ಕಳ

ನಾನು ತಲೆ ಪೂರ್ತಿ ಬೋಳಿಸಿಕೊಳ್ಳುವವನು. ರೇಜರ್ ಆದ ಮೇಲೆ ಆಫ್ಟರ್‌ಶೇವ್ ಹಚ್ಚುತ್ತೇನೆ. ಅದಕ್ಕೂ ಅಡ್ಡಿ ಇದೆಯಾ?


ಕುಮಟಾ ಸೆಲೂನ್

ಅದು ಗಡ್ಡಕ್ಕೆ ಹಚ್ಚಿದ ಹಾಗೇ. ಅಡ್ಡಿ ಇಲ್ಲ, ಆದರೆ ನೆತ್ತಿ ದೊಡ್ಡ ಜಾಗ, ಉರಿ ಜಾಸ್ತಿ. ಆಲ್ಕೋಹಾಲ್ ಇಲ್ಲದ ಬಾಮ್ ಸಿಗುತ್ತದೆ, ಅದು ಒಳ್ಳೆಯದು. ಗೋಕರ್ಣದಲ್ಲಿ ಕಾರ್ಯಕ್ಕೆ ಬಂದು ಮುಂಡನ ಮಾಡಿಸಿಕೊಂಡವರು ಮಧ್ಯಾಹ್ನ ಬರಿಗಾಲಲ್ಲಿ, ಬರಿತಲೆಯಲ್ಲಿ ಸಮುದ್ರದ ದಂಡೆಗೆ ಹೋಗುತ್ತಾರೆ. ಆಗ ತಾನೇ ಬೋಳಿಸಿದ ನೆತ್ತಿ ಬಿಸಿಲು ಕಂಡೇ ಇರುವುದಿಲ್ಲ. ಪರಿಮಳದ್ದೇನೂ ಹಚ್ಚದೆ ಒಂದು ಪಂಜಿ ಹೊದ್ದುಕೊಂಡರೆ ಸಾಕು. ಮಕ್ಕಳ ಚೌಲಕ್ಕಂತೂ ಆಫ್ಟರ್‌ಶೇವ್ ಹತ್ತಿರವೂ ತರಬೇಡಿ.


ಸಿದ್ದಾಪುರ ತೋಟ

ಒಂದು ಮುಖ್ಯ ವಿಷಯ ಇಲ್ಲಿ ಬರಲಿಲ್ಲ. ಬೆಂಕಿ.

ಘಟ್ಟದ ಮೇಲೆ ನಮ್ಮ ಮನೆಗಳಲ್ಲಿ ಬಚ್ಚಲಲ್ಲೇ ಒಲೆ, ಮೇಲೆ ಹಂಡೆ. ಮಳೆಗಾಲದಲ್ಲಿ ಅಡಿಕೆ ಸಿಪ್ಪೆ, ಸೋಗೆ ಹಾಕಿ ಇಡೀ ದಿನ ಬೆಂಕಿ ಆರದ ಹಾಗೆ ನೋಡಿಕೊಳ್ಳುತ್ತೇವೆ. ಸ್ನಾನ ಆದ ಮೇಲೆ ಗಂಡಸರು ಅಲ್ಲೇ ಗೂಡಿನಲ್ಲಿಟ್ಟ ಬಾಟಲಿ ತೆಗೆದು ತಲೆಗೆ ಸುರಿದುಕೊಂಡು, ಚಳಿ ಎಂದು ಒಲೆಯ ಕಡೆ ಬಗ್ಗುತ್ತಾರೆ. ನಮ್ಮ ಮನೆಯಲ್ಲೇ ಒಬ್ಬರ ಮುಂದಲೆಯ ಕೂದಲು ಹೀಗೆ ಸುಟ್ಟಿತು. ಹೆಗಲ ಮೇಲೆ ಒದ್ದೆ ಟವೆಲ್ ಇತ್ತು. ತಟ್ಟನೆ ಮುಚ್ಚಿಕೊಂಡರು, ಅದರಿಂದ ಹುಬ್ಬು ಮತ್ತು ಮುಂದಲೆಗೆ ಮುಗಿಯಿತು.

ಆಲ್ಕೋಹಾಲ್‌ನ ಬೆಂಕಿ ತೆಳು ನೀಲಿ. ಬೆಳಕಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಹತ್ತಿಕೊಂಡದ್ದು ಬಿಸಿ ತಾಗಿದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಬಚ್ಚಲ ಗೂಡಿನಿಂದ ಬಾಟಲಿ ಇವತ್ತೇ ತೆಗೆಯಿರಿ. ಹಚ್ಚಿಕೊಂಡು ದೇವರ ದೀಪಕ್ಕೆ ಬಗ್ಗುವುದು, ಬೀಡಿ ಹಚ್ಚುವುದು, ಗ್ಯಾಸ್ ಒಲೆ ಮುಂದೆ ನಿಲ್ಲುವುದು ಯಾವುದೂ ಬೇಡ. ಪೂರ್ತಿ ಆರಲಿ.


ಶಿರಸಿ ಔಷಧದಂಗಡಿ

ಸಿದ್ದಾಪುರದವರು ಹೇಳಿದ್ದನ್ನು ಎಲ್ಲರೂ ಮನೆಯಲ್ಲಿ ಓದಿ ಹೇಳಿ. ಮಿನಾಕ್ಸಿಡಿಲ್ ಲೋಷನ್‌ಗೂ ಇದೇ ಮಾತು, ಅದೂ ಹತ್ತಿಕೊಳ್ಳುತ್ತದೆ.


ಕೋಡಿಬಾಗ ಕಿನಾರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಓದಿಸಿದೆ. ಬಾಟಲಿಯ ಹಿಂಭಾಗವನ್ನು ಅವನೇ ಓದಿದ. ಶಿರಸಿ ಅಣ್ಣ ಹೇಳಿದ ಹಾಗೇ ಆಲ್ಕೋಹಾಲ್, ನೀರು, ಪರ್ಫ್ಯೂಮ್, ಮೆಂಥಾಲ್. ಸುಮ್ಮನಾದ. ಬಸ್ಸಿನ ಮಾತು ಅವನಿಗೆ ಚೆನ್ನಾಗಿ ತಾಗಿದೆ.

ಅಕ್ಕಾ, ಅವನ ಹೊಟ್ಟು ಜಿಡ್ಡಿನದೇ. ಕಿವಿಯ ಹಿಂದೆ ಸ್ವಲ್ಪ ಕೆಂಪಾಗಿದೆ, ಅದು ಆಫ್ಟರ್‌ಶೇವ್ ಶುರು ಮಾಡಿದ ಮೇಲೆ ಬಂದದ್ದು. ಇನ್ನೊಂದು ಸಂಗತಿ ಅಮ್ಮ ನೆನಪು ಮಾಡಿದರು. ಮೂರು ತಿಂಗಳ ಹಿಂದೆ ಅವನಿಗೆ ಡೆಂಗ್ಯೂ ಆಗಿತ್ತು. ಕೂದಲು ಬಾಚಣಿಗೆಗೆ ಗೊಂಚಲು ಗೊಂಚಲಾಗಿ ಬರಲು ಶುರುವಾದದ್ದು ಈಗೀಗ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?


ಅಂಕೋಲಾ ಅಕ್ಕ

ಇದೆ. ಒಳ್ಳೆಯದಾಯಿತು ಅಮ್ಮನಿಗೆ ನೆನಪಾದದ್ದು.

ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಮಾಮೂಲು. ಕೆಲವು ಬೆಳೆಯುತ್ತಿರುತ್ತವೆ, ಕೆಲವು ವಿಶ್ರಾಂತಿಯಲ್ಲಿರುತ್ತವೆ. ಡೆಂಗ್ಯೂ, ಟೈಫಾಯ್ಡ್‌ನಂಥ ದೊಡ್ಡ ಜ್ವರ, ಹೆರಿಗೆ, ಆಪರೇಷನ್ ಆದಾಗ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗಿಬಿಡುತ್ತವೆ. ಅವು ಉದುರುವುದು ಎರಡು ಮೂರು ತಿಂಗಳ ಮೇಲೆ. ಹಾಗಾಗಿ ಜ್ವರಕ್ಕೂ ಇದಕ್ಕೂ ನಂಟು ಹಾಕಲು ಯಾರಿಗೂ ಹೊಳೆಯುವುದಿಲ್ಲ. ಬೇರು ಸತ್ತಿರುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ, ಹೊಸ ಕೂದಲು ಬರುತ್ತದೆ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್, ಅದಕ್ಕೇ ಕಣ್ಣಿಗೆ ತುಂಬಿ ಕಾಣಲು ಹೊತ್ತು ಹಿಡಿಯುತ್ತದೆ. ಈ ಸಮಯದಲ್ಲಿ ಯಾವ ಬಾಟಲಿ ಹಚ್ಚಿದ್ದರೂ ಅದಕ್ಕೇ ಹೆಸರು ಬರುತ್ತದೆ. ಆಫ್ಟರ್‌ಶೇವ್‌ನಿಂದ ಕೂದಲು ಬಂತು ಎನ್ನುವ ಮಾತುಗಳಲ್ಲಿ ಎಷ್ಟೋ ಹೀಗೆ ಹುಟ್ಟಿದವು ಎಂದು ನನಗನಿಸುತ್ತದೆ.

ಆದರೆ ಹಣೆಯ ಎರಡೂ ಬದಿ ಸರಿಯುತ್ತಿರುವುದು ಬೇರೆ. ಅದು ಮನೆತನದಿಂದ, ಹಾರ್ಮೋನಿನಿಂದ ಬರುವಂಥದ್ದು. ಅಪ್ಪನ ಕಡೆ ಇಲ್ಲದಿದ್ದರೂ ಅಮ್ಮನ ಕಡೆಯಿಂದ ಬರಬಹುದು. ಅವನ ಸೋದರಮಾವಂದಿರನ್ನು ನೋಡಿ. ಅಪ್ಪನ ದಟ್ಟ ಕೂದಲು ಅಪ್ಪ ಪಡೆದು ಬಂದದ್ದು, ಅದರಲ್ಲಿ ಬಾಟಲಿಯ ಪಾಲಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ಆಫ್ಟರ್‌ಶೇವ್ ತಲೆಗೆ ಬಂದ್. ಕಿವಿಯ ಹಿಂದಿನ ಕೆಂಪು ತಾನಾಗಿ ಇಳಿಯುತ್ತದಾ ನೋಡಿ. ಅದಕ್ಕೆ ಯಾರೋ ಕೊಟ್ಟ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ನಮ್ಮ ಕಡೆ ಹುಳುಕಡ್ಡಿಗೆ ಅದನ್ನೇ ಹಚ್ಚಿ ಹಚ್ಚಿ ಮೈತುಂಬ ಹಬ್ಬಿಸಿಕೊಂಡವರನ್ನು ನೋಡಿ ನೋಡಿ ಬೇಜಾರಾಗಿದೆ. ಹೊಟ್ಟಿಗೆ ಕೀಟೋಕೊನಾಜೋಲ್ 2 ಪರ್ಸೆಂಟ್ ಶಾಂಪೂ, ವಾರಕ್ಕೆ ಎರಡು ಸಲ. ನೊರೆ ಮಾಡಿ ಐದು ನಿಮಿಷ ಹಾಗೇ ಬಿಡಬೇಕು. ಎಲ್ಲರೂ ತಪ್ಪುವುದು ಇಲ್ಲೇ, ಹಾಕಿದ ಕೂಡಲೇ ತೊಳೆದುಬಿಡುತ್ತಾರೆ. ಚರ್ಮದ ಡಾಕ್ಟರಿಗೆ ಒಮ್ಮೆ ತಲೆ ತೋರಿಸಿ. ಜ್ವರದ್ದು ಎಷ್ಟು, ಮನೆತನದ್ದು ಎಷ್ಟು ಎಂದು ಅವರು ನೋಡಿ ಹೇಳುತ್ತಾರೆ.


ಕುಮಟಾ ಸೆಲೂನ್

ಅಪ್ಪನ ಬಗ್ಗೆ ನಾನು ಹೇಳುತ್ತೇನೆ. ಅವರಿಗೆ ತುರಿಕೆ ಇಲ್ಲ, ಕೆಂಪಾಗಿಲ್ಲ, ಮನಸ್ಸಿಗೆ ಖುಷಿ ಇದೆ ಅಂದರೆ ಪೂರ್ತಿ ಬಿಡಿಸಲು ಹೋಗಬೇಡಿ. ಸುರಿದುಕೊಳ್ಳುವುದು ಬೇಡ. ಮೊದಲಿನ ಹಾಗೆ ಕೆನ್ನೆಗೆ ಹಚ್ಚಿ ಉಳಿದದ್ದನ್ನು ಒಣಗಿದ ಕೂದಲ ಮೇಲೆ ಸವರಿಕೊಳ್ಳಲಿ, ನೆತ್ತಿಗೆ ತಿಕ್ಕದೆ. ಕಣ್ಣಿಗೆ ಇಳಿಯದ ಹಾಗೆ ನೋಡಿಕೊಳ್ಳಲಿ. ಕೂದಲಿಗೆ ಬಣ್ಣ ಹಾಕಿದ ದಿನ ಬೇಡ.

ಮುಗ್ಗಲು ವಾಸನೆಗೆ ಅಸಲು ಕಾರಣ ಒದ್ದೆ ಟವೆಲ್ ಮತ್ತು ದಿಂಬು. ರಾತ್ರಿ ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಮಲಗಿದರೆ ಯಾವ ಆಫ್ಟರ್‌ಶೇವ್ ಹಾಕಿದರೂ ಅಷ್ಟೇ. ಮಳೆಗಾಲದಲ್ಲಿ ದಪ್ಪ ಟರ್ಕಿ ಟವೆಲ್ ಒಣಗುವುದಿಲ್ಲ. ತೆಳ್ಳಗಿನ ಹತ್ತಿ ಪಂಜಿ ಎರಡು ಇಟ್ಟುಕೊಳ್ಳಿ. ಒಂದರಲ್ಲಿ ನೀರು ಒತ್ತಿ ತೆಗೆದು, ಇನ್ನೊಂದನ್ನು ಸ್ವಲ್ಪ ಹೊತ್ತು ಸುತ್ತಿಕೊಂಡು, ಫ್ಯಾನ್ ಕೆಳಗೆ ಕೂತರೆ ಗಂಡಸರ ಕೂದಲು ಎಷ್ಟು ಹೊತ್ತಿಗೆ ಒಣಗುತ್ತದೆ? ದಿಂಬಿನ ಕವರು ಆಗಾಗ ಬದಲಿಸಿ. ಬಿಸಿಲು ಬಂದ ದಿನ ದಿಂಬನ್ನೇ ಅಂಗಳಕ್ಕೆ ಹಾಕಿ.


ಕೋಡಿಬಾಗ ಕಿನಾರೆ

ಅಪ್ಪನಿಗೆ ಓದಿ ಹೇಳಿದೆ. ನೆತ್ತಿಗೆ ತಿಕ್ಕುವುದು ಬಿಡುತ್ತೇನೆ, ಕೈಯಲ್ಲಿ ಉಳಿದದ್ದು ಬಿಡುವುದಿಲ್ಲ ಅಂದರು. ಪಂಜಿಯ ಮಾತು ಅಮ್ಮನಿಗೆ ಹಿಡಿಸಿತು. ಸೋದರಮಾವಂದಿರು ಮೂವರಲ್ಲಿ ಇಬ್ಬರಿಗೆ ತಲೆ ಖಾಲಿ, ಅಕ್ಕ ಹೇಳಿದ್ದು ನಿಜ. ತಮ್ಮನನ್ನು ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಶಿರಸಿ ಅಣ್ಣಾ, ಡಾಕ್ಟರು ಮಿನಾಕ್ಸಿಡಿಲ್ ಬರೆದರೆ ಏನೇನು ನೋಡಿಕೊಳ್ಳಬೇಕು? ಗಡ್ಡಕ್ಕೆ ಆಫ್ಟರ್‌ಶೇವ್ ಹಚ್ಚಬಹುದಾ?


ಶಿರಸಿ ಔಷಧದಂಗಡಿ

ಗಡ್ಡಕ್ಕೆ ಹಚ್ಚಲಿ, ತೊಂದರೆ ಇಲ್ಲ. ಕಿವಿಯ ಹಿಂದಿನ ಕೆಂಪು ಪೂರ್ತಿ ಹೋಗುವವರೆಗೆ ಮಾತ್ರ ಅದೂ ಬೇಡ. ಸುಗಂಧದ ಅಲರ್ಜಿಯೇ ಆಗಿದ್ದರೆ ಮುಖಕ್ಕೂ ಬರುತ್ತದೆ.

ಮಿನಾಕ್ಸಿಡಿಲ್ ಬರೆದರೆ ಒಣಗಿದ ನೆತ್ತಿಗೇ ಹಚ್ಚಬೇಕು, ಒಂದು ಸಲಕ್ಕೆ ಒಂದು ಎಂಎಲ್. ಬಾಟಲಿ ಜೊತೆ ಅಳತೆಯ ಡ್ರಾಪರ್ ಕೊಡುತ್ತಾರೆ. ಜಾಸ್ತಿ ಹಾಕಿದರೆ ಜಾಸ್ತಿ ಕೂದಲು ಬರುವುದಿಲ್ಲ. ಹಚ್ಚಿ ಕೈ ತೊಳೆಯಬೇಕು. ಮಲಗುವುದಕ್ಕೆ ಎರಡು ಗಂಟೆ ಮುಂಚೆ ಹಚ್ಚಿದರೆ ದಿಂಬಿಗೆ ಅಂಟುವುದಿಲ್ಲ. ಮನೆಯಲ್ಲಿ ಬೆಕ್ಕು ಇದ್ದರೆ ಬಹಳ ಹುಷಾರು. ನೆಕ್ಕಿದರೂ ಅದಕ್ಕೆ ವಿಷ, ಜೀವವೇ ಹೋಗಬಹುದು. ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು, ಹೆದರಿ ನಿಲ್ಲಿಸಬೇಡಿ. ಫಲ ಕಾಣಲು ನಾಲ್ಕು ತಿಂಗಳಾದರೂ ಬೇಕು. ಬಿಟ್ಟರೆ ಬಂದದ್ದು ಮತ್ತೆ ಉದುರುತ್ತದೆ, ಇದನ್ನು ಶುರು ಮಾಡುವ ಮೊದಲೇ ತಮ್ಮನಿಗೆ ಹೇಳಿಬಿಡಿ. ನೆತ್ತಿ ಕೆಂಪಾಗಿ ತುರಿಸಿದರೆ ಪ್ರೊಪಿಲೀನ್ ಗ್ಲೈಕಾಲ್ ಆಗಿಬರುತ್ತಿಲ್ಲ ಎಂದಿರಬಹುದು. ಆಗ ಅದು ಇಲ್ಲದ ಫೋಮ್ ಇದೆಯಾ ಎಂದು ಡಾಕ್ಟರನ್ನು ಕೇಳಿ. ಎದೆ ಬಡಿತ ಜೋರಾದರೆ, ತಲೆ ಸುತ್ತಿದರೆ ಅವತ್ತೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ಡೆಂಗ್ಯೂ ಆದ ವಿಷಯವನ್ನು ಡಾಕ್ಟರಿಗೆ ತಪ್ಪದೇ ಹೇಳಿ. ಬರೀ ಜ್ವರದ ಉದುರುವಿಕೆ ಆಗಿದ್ದರೆ ಮಿನಾಕ್ಸಿಡಿಲ್ ಬೇಕಾಗದೆಯೂ ಇರಬಹುದು. ಆ ದುಡ್ಡಿಗೆ ಮೊಟ್ಟೆ, ಮೀನು, ಬೇಳೆ ತಿನ್ನಲಿ.